ಸಪ್ತಾಪುರದ ಕೌನ್ಸೆಲಿಂಗ್ ಸೆಂಟರಿಗೆ ನಾಲ್ಕು ಸ್ಟಾರ್, ಒಂದು ಯಾಕೆ ಕಡಿಮೆ ಅಂದರೆ

ಐದರಲ್ಲಿ ನಾಲ್ಕು ಸ್ಟಾರ್. ಸೆಂಟರಿನ ಹೆಸರು ಹಾಕುತ್ತಿಲ್ಲ. ಕೆಳಗೆ ಒಂದಿಷ್ಟು ದೂರುಗಳೂ ಇವೆ, ಮತ್ತೆ ಧಾರವಾಡದಲ್ಲಿ ಯಾರು ಯಾವ ಮೆಟ್ಟಿಲು ಹತ್ತಿದರು ಅನ್ನೋದು ಸಂಜೆಯೊಳಗೆ ಅವರ ಬೀಗರಿಗೂ ಗೊತ್ತಾಗುತ್ತದೆ. ಇಂಥ ಕಡೆ ಹೋಗಬೇಕೋ ಬೇಡವೋ ಅಂತ ಯೋಚನೆ ಮಾಡುತ್ತಾ ಕೂತವರಿಗೆ ಒಳಗೆ ಏನು ನಡೆಯುತ್ತದೆ, ದುಡ್ಡಿಗೆ ತಕ್ಕ ಕೆಲಸ ಆಗುತ್ತದಾ ಅನ್ನೋದು ಗೊತ್ತಾದರೆ ಸಾಕು, ಅಲ್ವಾ?

ಜಾಗ ಮಾತ್ರ ಚೆನ್ನಾಗಿ ಹುಡುಕಿದ್ದಾರೆ. ಕೆಳಗೆ ಝೆರಾಕ್ಸ್ ಅಂಗಡಿ. ಮೇಲೆ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ತಯಾರಿ ಮಾಡಿಸುವ ಕೋಚಿಂಗ್ ಕ್ಲಾಸ್, ಅದರ ಪಕ್ಕದ ಬಾಗಿಲು ಇವರದು. ಮೆಟ್ಟಿಲ ಮೇಲೆ ಹುಡುಗರು ಸಾಲಾಗಿ ಕೂತು ಸಾಮಾನ್ಯ ಜ್ಞಾನ ಉರು ಹೊಡೆಯುತ್ತಿರುತ್ತಾರೆ. ನನ್ನ ವಯಸ್ಸಿನವನು ಮೇಲೆ ಹತ್ತಿದರೆ ಮಗನ ಫೀ ಕಟ್ಟೋಕೆ ಬಂದಿದ್ದಾನೆ ಅಂದುಕೊಂಡು ಕಾಲು ಸರಿಸಿ ದಾರಿ ಕೊಡುತ್ತಾರೆ. ಈ ಒಂದು ಅನುಕೂಲಕ್ಕೇ ಅರ್ಧ ಸ್ಟಾರ್ ಕೊಡಬಹುದು. ನವನಗರದಿಂದ ಚಿಗರಿ ಬಸ್ ಹತ್ತಿ ಜುಬಿಲಿ ಸರ್ಕಲ್‌ನಲ್ಲಿ ಇಳಿದರೆ ಮುಂದೆ ಆಟೋ ಸಿಗುತ್ತದೆ. ಬೈಕ್ ತಂದರೆ ನಿಲ್ಲಿಸೋಕೆ ಜಾಗ ಇಲ್ಲ, ಕೋಚಿಂಗ್ ಹುಡುಗರ ಗಾಡಿಗಳೇ ತುಂಬಿರುತ್ತವೆ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಹಲ್ಲಿನ ಡಾಕ್ಟರು. ನನ್ನದು ಅಮರಗೋಳ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೊಟ್ಟೆ ಉರಿ ಬಹಳ ಹಳೆಯದು. ಎಂಡೋಸ್ಕೋಪಿ ಮಾಡಿದರು, ಅಂಥದ್ದೇನೂ ಸಿಗಲಿಲ್ಲ. ಖಾರ ಬಿಡ್ರಿ ಅಂದರು, ಬಿಟ್ಟೆ. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಡಬ್ಬಿ ಮೇಲಿನ ಶೆಲ್ಫಿಗೆ ಹೋಯಿತು (ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಅದರ ಮೇಲೆ ಯಾಕೆ ಸಿಟ್ಟೋ). ಸಪ್ಪಗೆ ತಿಂದರೂ ಉರಿ ಹೋಗಲಿಲ್ಲ. ಆಮೇಲೆ ಕುತ್ತಿಗೆ, ಭುಜ ಹಿಡಿದುಕೊಳ್ಳೋಕೆ ಶುರುವಾಯಿತು. ಅದಕ್ಕೆ ಮೂಳೆ ಡಾಕ್ಟರು, ಎಕ್ಸ್‌ರೇ, ಮುಲಾಮು. ಕೊನೆಗೆ ಒಂದು ದವಡೆ ಹಲ್ಲು ಸೀಳಿತು. ಹಲ್ಲಿನ ಡಾಕ್ಟರು ಸಣ್ಣ ಕನ್ನಡಿ ಹಾಕಿ ನೋಡಿ, "ರಾತ್ರಿ ಹಲ್ಲು ಕಡೀತೀರೇನ್ರೀ? ಎಲ್ಲಾ ಸವದು ಚಪ್ಪಟ ಆಗ್ಯಾವಲ್ಲ" ಅಂದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಕೇಳಿದರೆ, "ಮದುವಿ ಆದಾಗಿಂದ ಕಡೀತೀರಿ, ಮಾರ್ಚ್ ಬಂದ್ರ ಜಾಸ್ತಿ" ಅಂದಳು. ಮಾರ್ಚ್ ಅಂದರೆ ನಮಗೆ ಆಡಿಟ್. ಡಾಕ್ಟರು ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಕೊಟ್ಟರು. ಕೊಡುವಾಗ, ಇದು ಹಲ್ಲು ಉಳಿಸುತ್ತದೆ, ಕಡಿಯೋದನ್ನ ನಿಲ್ಲಿಸೋದಿಲ್ಲ, ಒಮ್ಮೆ ಕೌನ್ಸೆಲರ್ ಹತ್ತಿರ ಹೋಗಿ ಬನ್ನಿ ಅಂತ ಹೇಳಿ ಕಳಿಸಿದರು.

ಇನ್ನು ಸೆಂಟರ್ ವಿಷಯ. ಶುರುವಿನಲ್ಲೇ ಬೇಜಾರು. ನಾಲ್ಕು ಪುಟದ ಫಾರ್ಮ್ ಇಂಗ್ಲಿಷಿನಲ್ಲಿದೆ. ಧಾರವಾಡದಲ್ಲಿ! ನಾನು ಹೇಗೋ ತುಂಬಿದೆ, ನನ್ನ ಪಕ್ಕ ಕೂತಿದ್ದ ವಯಸ್ಸಾದವರು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಮನಸ್ಸಿನ ಮಾತು ಹೇಳೋಕೆ ಬಂದವರಿಗೆ ಮೊದಲ ಕಾಗದವೇ ಅರ್ಥ ಆಗದಿದ್ದರೆ ಹೇಗೆ?

ಎರಡನೇ ಬೇಜಾರು ಇನ್ನೂ ದೊಡ್ಡದು. ಮೊದಲು ನನ್ನನ್ನು ನೋಡಿದ್ದು ಅಲ್ಲಿನ ಕಿರಿಯ ಕೌನ್ಸೆಲರ್. ಪಾಪ, ಒಳ್ಳೆ ಮನಸ್ಸಿನ ಹುಡುಗ. ಆದರೆ ಕೂತ ಕೂಡಲೇ, ಚಿಕ್ಕವರಿದ್ದಾಗ ಏನಾದರೂ ಆಗಿತ್ತಾ, ಹೇಳಿಬಿಡಿ, ಎಲ್ಲಾ ಹೊರಗೆ ಹಾಕಿ, ಹಗುರ ಆಗುತ್ತೀರಿ ಅಂತ ಒಂದೇ ಸಮ ಹಿಂದೆ ಬಿದ್ದ. ಎದುರಿಗೆ ಟೇಬಲ್ ಮೇಲೆ ಟಿಶ್ಯೂ ಡಬ್ಬಿ ಬೇರೆ, ಅಳೋಕೆ ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ. ನಾನು ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹತ್ತು ನಿಮಿಷದಲ್ಲಿ ಹೇಳಿದೆ. ಹೊತ್ತಾಯಿತು ಅಂತ ಅವನು ಗಡಿಯಾರ ನೋಡಿದ, ನಾನು ಎದ್ದು ಬಂದೆ. ಹಗುರ ಆಗೋದು ಹಾಗಿರಲಿ, ಆ ವಾರ ಪೂರ್ತಿ ನಿದ್ದೆ ಇಲ್ಲ, ಊಟ ಸೇರಲಿಲ್ಲ, ಅಂಗಡಿಯಲ್ಲಿ ಹಮಾಲರ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ. ಕಡಿಮೆ ಕೊಟ್ಟ ಆ ಒಂದು ಸ್ಟಾರ್ ಇದಕ್ಕೇ.

ಫೋನ್ ಮಾಡಿ ಬೈದೆ. ಆಗ ಅಲ್ಲಿನ ಹಿರಿಯ ಮೇಡಂ ತಾವೇ ಮಾತಾಡಿ, ಬನ್ನಿ, ಇನ್ನು ಮುಂದೆ ನಾನು ನೋಡುತ್ತೇನೆ ಅಂದರು. ಈ ರಿವ್ಯೂ ಬರೆಯುತ್ತಿರುವುದು ಅವರ ಸಲುವಾಗಿ.

ಮೇಡಂ ಮೊದಲು ಕೇಳಿದ್ದು ಡಾಕ್ಟರ ರಿಪೋರ್ಟುಗಳನ್ನು. ಹೊಟ್ಟೆಯದು, ಮೂಳೆಯದು, ಬಿಪಿ, ಶುಗರ್, ಎಲ್ಲಾ. ದೇಹದ ರೋಗ ಇಲ್ಲ ಅಂತ ಖಾತ್ರಿ ಆದ ಮೇಲೇ ಇದು ಮನಸ್ಸಿನ ಕಡೆಯಿಂದ ಬಂದಿರಬಹುದು ಅಂತ ಯೋಚಿಸೋದು ಅಂದರು. ಎದೆನೋವು ಅಂತ ಬಂದವರನ್ನು ಟೆನ್ಶನ್ ಇರಬೇಕು ಬಿಡ್ರಿ ಅಂತ ಕಳಿಸೋದು ತಪ್ಪು ಅನ್ನೋದು ಅವರ ಮಾತು. ನನಗೆ ಅಲ್ಲೇ ನಂಬಿಕೆ ಬಂತು.

ಆಮೇಲೆ ಒಂದು ಆಟ ಆಡಿಸಿದರು. "ಎರಡು ನಿಮಿಷ ಕಣ್ಣು ಮುಚ್ಚಿ ಕುಂದರ್ರಿ ಸರ. ಏನು ಬೇಕಾದ್ರೂ ನೆನಸ್ರಿ, ಲೈನ್ ಬಜಾರಿನ ಪೇಢೆ ಒಂದು ಬಿಟ್ಟು. ಅದು ನೆನಪಾದಾಗೆಲ್ಲ ಬೆರಳಿನಿಂದ ಟೇಬಲ್ ತಟ್ರಿ." ನನಗೆ ಸಿಹಿ ಅಷ್ಟು ಸೇರೋದಿಲ್ಲ. ಪೇಢೆ ನೆನಪಾಗಿ ಎಷ್ಟೋ ತಿಂಗಳಾಗಿತ್ತು. ಆದರೆ ಆ ಎರಡು ನಿಮಿಷ ತಟ್ಟಿದ್ದೇ ತಟ್ಟಿದ್ದು. ಕಂದು ಬಣ್ಣ, ಮೇಲೆ ಸಕ್ಕರೆ ಹರಳು, ರಟ್ಟಿನ ಡಬ್ಬಿ, ಡಬ್ಬಿಗೆ ಸುತ್ತಿದ ದಾರ, ಎಲ್ಲಾ ಸಾಲುಗಟ್ಟಿ ಬಂದವು. ಮೇಡಂ ನಕ್ಕರು. 1987ರಲ್ಲಿ ಡೇನಿಯಲ್ ವೆಗ್ನರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಬಿಳಿ ಕರಡಿ ಹೆಸರು ಹೇಳಿ ಮಾಡಿಸಿದ್ದರಂತೆ. ಕರಡಿ ನೆನಪಾದರೆ ಗಂಟೆ ಬಾರಿಸಬೇಕು. ಐದು ನಿಮಿಷ ನೆನಸಬೇಡಿ ಅಂದವರಿಗೆ ಅದು ಮತ್ತೆ ಮತ್ತೆ ಬಂತು. ಮಜಾ ಇರೋದು ಮುಂದೆ. ಈಗ ಬೇಕಾದಷ್ಟು ನೆನಸಿ ಅಂತ ಬಿಟ್ಟಾಗ, ಮೊದಲಿನಿಂದಲೇ ನೆನಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ಬಂತು.

ಕಾರಣ ಹೀಗೆ. ಒಂದು ವಿಷಯ ಬರಬಾರದು ಅಂದರೆ, ಅದು ಬಂತಾ ಅಂತ ನೋಡೋಕೆ ಮನಸ್ಸಿನ ಒಂದು ಭಾಗ ಕಾವಲು ಕೂರಬೇಕು. ಕಾವಲು ಕೂತವನಿಗೆ ಯಾರನ್ನು ತಡೆಯಬೇಕು ಅನ್ನೋದು ನೆನಪಿರಲೇಬೇಕಲ್ಲ. ಹೀಗಾಗಿ ಮರೆಯಬೇಕು ಅಂದದ್ದನ್ನು ಅವನೇ ಇಟ್ಟುಕೊಂಡಿರುತ್ತಾನೆ. ದಣಿದಾಗ, ನಿದ್ದೆ ಕೆಟ್ಟಾಗ, ಕೆಲಸದ ಒತ್ತಡ ಜಾಸ್ತಿ ಆದಾಗ ತಳ್ಳುವ ಶಕ್ತಿ ಕುಗ್ಗುತ್ತದೆ, ಕಾವಲು ಮಾತ್ರ ಮುಂದುವರಿಯುತ್ತದೆ, ತಡೆದದ್ದು ನುಗ್ಗುತ್ತದೆ. ನನಗೆ ಮಾರ್ಚ್ ಯಾಕೆ ಅಂತ ಆಗ ಹೊಳೆಯಿತು.

ಏನು ತಡೆಯುತ್ತಿದ್ದೆ ಅನ್ನೋದನ್ನ ಇಲ್ಲಿ ಹೇಳದೆ ಮುಂದಿನದು ಅರ್ಥ ಆಗೋದಿಲ್ಲ. ನಮ್ಮಪ್ಪ ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಸೊಸೈಟಿ ಸೆಕ್ರೆಟರಿ ಆಗಿದ್ದ. ಒಂದು ವರ್ಷ ಆಡಿಟ್‌ನಲ್ಲಿ ದುಡ್ಡು ಕಡಿಮೆ ಬಂತು. ನಾನಾಗ ಒಂಬತ್ತನೇ ಕ್ಲಾಸು. ಅಪ್ಪನಿಗೆ ಬುತ್ತಿ ಕೊಟ್ಟು ಬಾ ಅಂತ ಅವ್ವ ಕಳಿಸಿದ್ದಳು, ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಹೋಗಿ ನೋಡಿದರೆ ಕಟ್ಟೆ ಮುಂದೆ ಜನ. ಅಪ್ಪನ ಅಂಗಿ ತೋಳನ್ನು ಒಬ್ಬ ಹಿಡಿದು ಜಗ್ಗುತ್ತಿದ್ದ, ಹೊಲಿಗೆ ಬಿಚ್ಚಿ ಭುಜ ಕಾಣುತ್ತಿತ್ತು. ನಾನು ಬೇವಿನ ಗಿಡದ ಕೆಳಗೆ ಬುತ್ತಿ ಹಿಡಿದುಕೊಂಡು ನಿಂತೆ. ಅಪ್ಪ ನನ್ನ ನೋಡಿದ, ಮುಖ ಆ ಕಡೆ ತಿರುಗಿಸಿದ. ಅಷ್ಟೇ. ಮುಂದೆ ದುಡ್ಡು ಬೇರೆಯವರು ನುಂಗಿದ್ದು ಅಂತ ತನಿಖೆಯಲ್ಲಿ ಹೊರಬಂತು. ಅಷ್ಟರಲ್ಲಿ ನಾವು ಹುಬ್ಬಳ್ಳಿಗೆ ಬಂದಾಗಿತ್ತು. ಆ ಊರಿನ ಮಾತು ಮನೆಯಲ್ಲಿ ಎತ್ತುವಂತಿಲ್ಲ ಅಂತ ಅವ್ವ ಹೇಳಿದಳು, ನಾವೂ ಎತ್ತಲಿಲ್ಲ. ಅಪ್ಪ ತೀರಿಕೊಂಡ ದಿನವೂ ಎತ್ತಲಿಲ್ಲ. ಆ ಊರಿನ ಮಗ ಲೆಕ್ಕ ಬರೆಯುವ ಕೆಲಸಕ್ಕೇ ಸೇರಿದ ನೋಡಿ. ಪ್ರತಿ ವರ್ಷ ಆಡಿಟರ್ ಬಂದು ಕಿರ್ದಿ ತೆಗೀರಿ ಅಂದ ಕೂಡಲೇ ನನ್ನ ದವಡೆ ಬಿಗಿಯುತ್ತಿತ್ತು. ನನ್ನ ಲೆಕ್ಕದಲ್ಲಿ ಇವತ್ತಿನವರೆಗೂ ಒಂದು ರೂಪಾಯಿ ತಪ್ಪು ಬಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಇದನ್ನು ಮೇಡಂ ಮುಂದೆ ಹೇಳಿದ್ದು ಬಹಳ ತಡವಾಗಿ. ಅವರು ಅವಸರ ಮಾಡಲೇ ಇಲ್ಲ. ಮೊದಲು ದೇಹದ ಪಾಠ. ಎರಡೂ ಭುಜ ಕಿವಿ ಮುಟ್ಟುವ ಹಾಗೆ ಎತ್ತಿ ಬಿಗಿ ಹಿಡಿದು, ಆಮೇಲೆ ಒಮ್ಮೆಲೇ ಬಿಡಬೇಕು. ಮುಷ್ಟಿ ಬಿಗಿದು ಬಿಡಬೇಕು. ದವಡೆ ಕಚ್ಚಿ ಬಿಡಬೇಕು. ಎಡ್ಮಂಡ್ ಜೇಕಬ್ಸನ್ ಅಂತ ಡಾಕ್ಟರು ನೂರು ವರ್ಷದ ಹಿಂದೆ ಶುರು ಮಾಡಿದ ಪದ್ಧತಿ ಇದು. ಮೊದಲ ಸಲ ಭುಜ ಬಿಟ್ಟಾಗ ಅವು ಎಷ್ಟು ಕೆಳಗೆ ಬಂದವು ಅಂದರೆ ನಾನು ಕನ್ನಡಿ ಬೇಕು ಅಂದೆ! ಇಷ್ಟು ವರ್ಷ ಭುಜ ಎತ್ತಿಕೊಂಡೇ ತಿರುಗಾಡುತ್ತಿದ್ದೆ, ಮುಲಾಮು ಹಚ್ಚಿದರೆ ಎಲ್ಲಿಂದ ಹೋಗಬೇಕು ನೋವು? ಉಸಿರು ತಗೊಳ್ಳೋದಕ್ಕಿಂತ ಬಿಡೋದನ್ನ ನಿಧಾನ ಮಾಡಿ ಅಂದರು. ಇದನ್ನ ನಾನು ಅಂಗಡಿಯಲ್ಲಿ ಗಲ್ಲಾ ಮುಂದೆ ಕೂತೇ ಮಾಡುತ್ತೇನೆ, ಯಾರಿಗೂ ಗೊತ್ತಾಗೋದಿಲ್ಲ.

ಯಾಕೆ ದೇಹದಿಂದ ಶುರು ಅಂತ ಕೇಳಿದ್ದಕ್ಕೆ ಮೇಡಂ ಹೇಳಿದ್ದನ್ನ ನನ್ನ ಮಾತಲ್ಲಿ ಹೇಳುತ್ತೇನೆ. ಅಪಾಯ ಕಂಡಾಗ ಓಡೋಕೆ ಅಥವಾ ಹೊಡೆದಾಡೋಕೆ ದೇಹ ಸಜ್ಜಾಗುತ್ತದೆ. ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಸ್ನಾಯು ಬಿಗಿಯುತ್ತವೆ, ಅಂಗೈ ಬೆವರುತ್ತದೆ, ಜೀರ್ಣದ ಕೆಲಸ ಹಿಂದೆ ಬೀಳುತ್ತದೆ. ಹುಲಿ ಹೋದ ಮೇಲೆ ಎಲ್ಲಾ ತಣ್ಣಗಾಗಬೇಕು. ನೆನಪನ್ನು ದಿನಾ ತಡೆಯುವವನಿಗೆ ಹುಲಿ ಪೂರ್ತಿ ಹೋಗಿರುವುದೇ ಇಲ್ಲ. ಮುಖ ಗಟ್ಟಿ ಮಾಡಿಕೊಂಡು ಕೂತರೆ ಒಳಗೆ ತಣ್ಣಗಾಗುತ್ತದೆ ಅನ್ನೋದೂ ಸುಳ್ಳು. 1993ರಲ್ಲಿ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಜನರಿಗೆ ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಿಸಬೇಡಿ ಅಂದರು. ಅವರ ಮುಖವೇನೋ ಸುಮ್ಮನಿತ್ತು, ಆದರೆ ಅಸಹ್ಯ ಕಡಿಮೆ ಆಗಿರಲಿಲ್ಲ, ಚರ್ಮದ ಬೆವರಿನ ಅಳತೆ ಮಾತ್ರ ಉಳಿದವರಿಗಿಂತ ಮೇಲಿತ್ತು. 1997ರಲ್ಲಿ ಇದೇ ಇಬ್ಬರು ದುಃಖದ ಚಿತ್ರ, ನಗೆಯ ಚಿತ್ರ ತೋರಿಸಿದರು. ಮುಖದಲ್ಲಿ ತೋರಿಸದೆ ಇದ್ದವರಿಗೆ ದುಃಖ ಇದ್ದಷ್ಟೇ ಇತ್ತು, ನಗೆಯ ಸಂತೋಷ ಮಾತ್ರ ಕಡಿಮೆ ಆಯಿತು.

ಈ ಕೊನೆಯದು ನನಗೆ ಸರಿಯಾಗಿ ನಾಟಿತು. ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆ ಅಂಕ ತಗೊಂಡಾಗ ಮನೆಯಲ್ಲಿ ಎಲ್ಲರೂ ಕುಣಿಯುತ್ತಿದ್ದರು, ನಾನು "ಚಲೋ ಆತು" ಅಂದು ಪೇಪರ್ ಹಿಡಿದೆ. ಒಳಗೆ ಸಂತೋಷ ಆಗಬೇಕಾದಷ್ಟು ಆಗಲೇ ಇಲ್ಲ. ಅವಳಿಗೆ ಅಪ್ಪ ಅಂದರೆ ಹೀಗೇ ಅಂತ ಅಭ್ಯಾಸ ಆಗಿಬಿಟ್ಟಿದೆ.

ಬರೆಯುವ ಕೆಲಸವನ್ನೂ ಕೊಟ್ಟರು. ದಿನಾ 15 ನಿಮಿಷ, ನಾಲ್ಕು ದಿನ ಬಿಡದೆ, ಅದೇ ಘಟನೆ, ಏನಾಯಿತು ಅನ್ನೋದರ ಜೊತೆ ಏನನ್ನಿಸಿತು ಅನ್ನೋದೂ ಬರಬೇಕು. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ, ಬೇಕಾದರೆ ಹರಿದು ಹಾಕಿ. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಕಾಲೇಜು ಹುಡುಗರಿಂದ ಹೀಗೆ ಬರೆಸಿದಾಗ, ಬರೆದ ಹೊತ್ತಿಗೆ ಅವರಿಗೆ ಸಂಕಟ ಜಾಸ್ತಿ ಆಗಿತ್ತು, ಮುಂದಿನ ಆರು ತಿಂಗಳಲ್ಲಿ ದವಾಖಾನೆಗೆ ಹೋದದ್ದು ಕಡಿಮೆ. ಬರೆದ ದಿನ ಸಂಕಟ ಆಗುತ್ತದೆ ಅಂತ ಮೇಡಂ ಮೊದಲೇ ಹೇಳಿದ್ದರು. ಹಾಗಾಗಿ ಸಂಕಟ ಆದಾಗ ಹೆದರಿಕೆ ಆಗಲಿಲ್ಲ. ಕಿರಿಯ ಹುಡುಗನಿಗೂ ಇವರಿಗೂ ಇದ್ದ ವ್ಯತ್ಯಾಸ ಇಷ್ಟೇ. ಅವನು ನೆನಪನ್ನು ಹೊರಗೆ ಎಳೆದ, ಮುಂದೆ ಏನು ಅಂತ ಹೇಳಲಿಲ್ಲ. ಇವರು ಉಸಿರು, ಭುಜ, ನಿದ್ದೆ ಎಲ್ಲಾ ಒಂದು ಹದಕ್ಕೆ ಬಂದ ಮೇಲೆ ಬಾಗಿಲು ತೆಗೆದರು, ಅದೂ ನಾನು ಹೂಂ ಅಂದ ಮೇಲೆ. ಪ್ರತಿ ಸಲ ಕೊನೆಯ ಹತ್ತು ನಿಮಿಷ ಬೇರೆ ಮಾತು, ಮಳೆ, ಉಳ್ಳಾಗಡ್ಡಿ ರೇಟು, ಮಗಳ ಕಾಲೇಜು. ಅಲ್ಲಿಂದ ಹೊರಗೆ ಬಂದು ಬಸ್ ಹತ್ತುವ ಸ್ಥಿತಿಯಲ್ಲಿ ಕಳಿಸುತ್ತಿದ್ದರು.

ಹಾಗಂತ ಇದ್ದದ್ದೆಲ್ಲಾ ಕೆದಕಲೇಬೇಕು ಅಂತ ಅವರು ಹೇಳಲಿಲ್ಲ, ಇದು ನನಗೆ ಬಹಳ ಹಿಡಿಸಿತು. ನಾನೇ ಒಂದಿನ, ಮೊಬೈಲಿನಲ್ಲಿ ಇದಕ್ಕೆ ಉಲ್ಟಾ ಓದಿದೆ ಅಂತ ವಾದಕ್ಕೆ ನಿಂತೆ. ಕೇಂಬ್ರಿಜ್‌ನ ಜುಲ್ಕಾಯ್ದಾ ಮಾಮತ್ ಮತ್ತು ಮೈಕೆಲ್ ಆಂಡರ್ಸನ್ ಕೋವಿಡ್ ಕಾಲದಲ್ಲಿ 16 ದೇಶಗಳ 120 ಜನರನ್ನು ತಗೊಂಡು ಮಾಡಿದ ಕೆಲಸ, 2023ರಲ್ಲಿ ಪ್ರಕಟವಾಗಿದೆ. ಮುಂದೆ ಹೀಗಾದರೆ ಏನು ಗತಿ ಅನ್ನುವ ಹೆದರಿಕೆಯ ಯೋಚನೆಗಳನ್ನು ತಡೆಯುವ ತರಬೇತಿ ಮೂರು ದಿನ ಕೊಟ್ಟರು. ಅವರಿಗೆ ಆತಂಕ ಕಡಿಮೆ ಆಯಿತು, ತಡೆದ ಯೋಚನೆ ತಿರುಗಿ ಬಂದು ಕಾಡಲಿಲ್ಲ. ಮೇಡಂ ಸಿಟ್ಟಾಗಲಿಲ್ಲ. ಹೌದು ಸರ, ಅದೂ ನಿಜ ಅಂದರು. ಅಲ್ಲಿ ಜನರು ಹೆದರಿಕೆಯ ಸುಳಿವನ್ನು ಕಣ್ಣೆದುರಿಗೇ ಇಟ್ಟುಕೊಂಡು, ಅದನ್ನು ನೋಡುತ್ತಲೇ, ಯೋಚನೆ ಮುಂದೆ ಹರಿಯದ ಹಾಗೆ ತಡೆಯೋದನ್ನ ಕಲಿತರು. ನೀವು ಮಾಡಿದ್ದು ಸುಳಿವಿನಿಂದಲೇ ಓಡಿ ಹೋಗೋದು, ರೋಣದ ಬಸ್ಸು ಕಂಡರೆ ಮುಖ ತಿರುಗಿಸೋದು. ಎರಡೂ ಒಂದೇ ಅಲ್ಲ. ಈಗ ಆಡಿಟ್ ದಿನ ನಾನು ಮಾಡೋದು ಆ ಮೊದಲನೆಯದನ್ನೇ. ಕಿರ್ದಿ ನೋಡುತ್ತೇನೆ, ಅಪ್ಪನ ಹರಿದ ತೋಳು ಬರುತ್ತದೆ, ಬಂತು ಅಂತ ಗುರುತಿಸುತ್ತೇನೆ, ಭುಜ ಇಳಿಸುತ್ತೇನೆ, ಮುಂದಿನ ಪುಟ ತಿರುವುತ್ತೇನೆ.

ಹೊಟ್ಟೆ ಉರಿ ಪೂರ್ತಿ ಹೋಗಿದೆಯಾ ಅಂದರೆ ಇಲ್ಲ. ಮೊದಲಿನಷ್ಟಿಲ್ಲ, ಮಾರ್ಚ್‌ನಲ್ಲಿ ಇಣುಕುತ್ತದೆ. ಮಿರ್ಚಿ ಭಜಿ, ಗಿರ್ಮಿಟ್ ಮತ್ತೆ ಶುರು ಮಾಡಿದ್ದೇನೆ. ಗಾರ್ಡ್ ರಾತ್ರಿ ಈಗಲೂ ಹಾಕುತ್ತೇನೆ, ಆದರೆ ಕಡಿಯುವ ಸಪ್ಪಳ ಕಡಿಮೆ ಆಗಿದೆ ಅಂತ ಹೆಂಡತಿಯ ವರದಿ. ಅವ್ವನ ಮುಂದೆ ಒಮ್ಮೆ ಆ ಊರಿನ ಹೆಸರು ತೆಗೆದೆ. ಅವಳು ಕಾಳು ಹಸನ ಮಾಡುತ್ತಿದ್ದಳು. ಕೈ ನಿಲ್ಲಿಸದೆ, "ಆ ಅಂಗಿ ನಾನ ಹೊಲದು ಇಟ್ಟೀನಿ, ಟ್ರಂಕನ್ಯಾಗ ಐತಿ" ಅಂದಳು. ಮೂವತ್ತು ವರ್ಷ ಹತ್ತಿರ ಬಂತು, ನಾವಿಬ್ಬರೂ ಒಂದೇ ಅಂಗಿಯನ್ನು ಬಚ್ಚಿಟ್ಟುಕೊಂಡಿದ್ದೆವು.

ದುಡ್ಡಿನ ಮಾತು. 50 ನಿಮಿಷಕ್ಕೆ 900 ರೂಪಾಯಿ. ನನ್ನ ಪಗಾರಕ್ಕೆ ಜಾಸ್ತಿ. ತಿಂಗಳಿಗೆ ಎರಡು ಸಲ ಸಾಕು ಅಂತ ಅವರೇ ಹೇಳಿದರು, ವಾರಕ್ಕೊಮ್ಮೆ ಬಾ ಅಂತ ಜಗ್ಗಲಿಲ್ಲ. ಆದರೆ ಬರೋಕಾಗಲ್ಲ ಅಂತ ಅದೇ ದಿನ ಹೇಳಿದರೆ ಅರ್ಧ ದುಡ್ಡು ಹಿಡಿಯುತ್ತಾರೆ. ಎಪಿಎಂಸಿಯಲ್ಲಿ ಮೆಣಸಿನಕಾಯಿ ಲೋಡು ಯಾವಾಗ ಬರುತ್ತದೆ ಅಂತ ನನಗೇನು ಕನಸು ಬೀಳುತ್ತದಾ? ಇದನ್ನು ಅವರು ಸ್ವಲ್ಪ ಸಡಿಲ ಮಾಡಬೇಕು. ಗೋಡೆಯೂ ತೆಳು. ಅಪ್ಪನ ವಿಷಯ ಹೇಳಿ ಗಂಟಲು ಕಟ್ಟಿದ ಹೊತ್ತಿಗೆ ಪಕ್ಕದ ಕ್ಲಾಸಿನಿಂದ "32ನೇ ವಿಧಿ ಯಾವುದು, ಹೇಳ್ರಿ" ಅಂತ ಕೂಗು ಬಂತು. ಐವತ್ತು ಹುಡುಗರು ಒಟ್ಟಿಗೆ ಸಂವಿಧಾನಾತ್ಮಕ ಪರಿಹಾರದ ಹಕ್ಕು ಅಂದರು. ಮೇಡಂ ಕೂಡ ನಕ್ಕುಬಿಟ್ಟರು. ನಮ್ಮ ಮಾತು ಆ ಕಡೆ ಕೇಳಿಸೋದಿಲ್ಲ ಅಂತ ಹೇಳುತ್ತಾರೆ, ನನಗೆ ಪೂರ್ತಿ ನಂಬಿಕೆ ಇಲ್ಲ.

900 ಕೊಡೋಕೆ ಆಗದವರು ಬೆಳಗಾವಿ ರಸ್ತೆಯ ಡಿಮ್ಹಾನ್ಸ್‌ಗೆ ಹೋಗಬಹುದು. ಸರ್ಕಾರಿ ಸಂಸ್ಥೆ, ಮನೋವೈದ್ಯರೂ ಇದ್ದಾರೆ, ಸುತ್ತಲಿನ ಜಿಲ್ಲೆಯವರೆಲ್ಲಾ ಅಲ್ಲಿಗೇ ಬರುತ್ತಾರೆ. ಹಳೇ ಜನ ಇನ್ನೂ ಹುಚ್ಚರ ಆಸ್ಪತ್ರೆ ಅಂತಲೇ ಅನ್ನುತ್ತಾರೆ, ಅನ್ನಲಿ ಬಿಡಿ. ಮನೆಯಿಂದ ಹೊರಗೆ ಕಾಲಿಡೋಕೇ ಸಂಕೋಚ ಇದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸೇವೆ, ಪುಕ್ಕಟೆ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಆ ಕೆಟ್ಟ ವಾರದಲ್ಲಿ ರಾತ್ರಿ ಎರಡು ಗಂಟೆಗೆ ಮಾಡಿದ್ದೆ, ಆ ಕಡೆ ಇದ್ದ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡಳು.

ಖಾಸಗಿ ಕಡೆ ಎಲ್ಲೇ ಹೋದರೂ ಕೂರುವ ಮೊದಲು ಓದಿದ್ದು ಏನು ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಇದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಇರಲೇಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ. ನಮ್ಮ ಮೇಡಂ ಸರ್ಟಿಫಿಕೇಟನ್ನು ಗೋಡೆಗೇ ಹಾಕಿದ್ದಾರೆ, ನಂಬರ್ ಓದೋಕೆ ಬರುವ ಎತ್ತರದಲ್ಲಿ. ಈ ಸೆಂಟರಿಗೇ ಹೋಗುವವರು ಫೋನಿನಲ್ಲೇ ಹಿರಿಯ ಮೇಡಂ ಬೇಕು ಅಂತ ಹೇಳಿಬಿಡಿ, ಬೆಳಗಿನ ಹೊತ್ತು ತಗೊಳ್ಳಿ. ಸಂಜೆ ಆರಕ್ಕೆ ಸಂವಿಧಾನದ ಕ್ಲಾಸ್ ಇರುತ್ತದೆ.